ಪರಮಾಣು ಗಡಿಯಾರಗಳೂ ಪ್ರಕೃತಿಯ ಸ್ಥಿರಾಂಕಗಳೂ

ಅಳತೆಗೋಲೇ ಬದಲಾಗುತ್ತಿದ್ದರೆ ಅದನ್ನು ಅರಿಯುವ ಬಗೆ ಹೇಗೆ? ನಿಗಡಿಯ ನೆರೆಯ ಆಕುರ್ಡಿ, ಚಿಂಚವಡ, ಭೋಸರಿಗಳ ಯಂತ್ರಶಾಲೆಗಳಲ್ಲಿ ದುಡಿಯುವವರಿಗೆ ಈ ಪ್ರಶ್ನೆ ಹೊಸದಲ್ಲ. ಉಕ್ಕಿನ ಕೋಲು ಬಿಸಿಗೆ ಹಿಗ್ಗಿದಾಗ ಅದರಿಂದ ಅಳೆಯಲ್ಪಡುವ ಉಕ್ಕಿನ ವಸ್ತುವೂ ಅಷ್ಟೇ ಹಿಗ್ಗುವುದರಿಂದ ವ್ಯತ್ಯಾಸ ತೋರದು. ಪಕ್ಕದಲ್ಲಿ ಹಿತ್ತಾಳೆಯ ಕೋಲನ್ನಿಟ್ಟರೆ, ಅದು ಹೆಚ್ಚು ಹಿಗ್ಗುವ ಲೋಹವಾದ್ದರಿಂದ, ಗುಟ್ಟು ಹೊರಬೀಳುತ್ತದೆ. ಪರಮಾಣು ಗಡಿಯಾರಗಳ ನೆರವಿನಿಂದ ಭೌತವಿಜ್ಞಾನವು ಇಂದು ನಡೆಸುತ್ತಿರುವ ಶೋಧನೆಯ ಮರ್ಮವೂ ಇದೇ.

ಗಡಿಯಾರವೆಂದರೆ ಒಂದೇ ಸಮನಾದ ಕಂಪನವನ್ನು ಎಣಿಸುವ ಸಾಧನ. ಲೋಲಕದ ತೂಗಾಟವು ಗಾಳಿಗೂ ಶೈತ್ಯೋಷ್ಣಗಳಿಗೂ ಅಧೀನವಾದದ್ದು. ಪರಮಾಣುವಿನ ಕಂಪನವಾದರೋ ಒಂದೇ ಬಗೆಯ ಪರಮಾಣುಗಳಲ್ಲೆಲ್ಲ ಏಕರೂಪವಾದದ್ದು. 1955ರಲ್ಲಿ ಇಂಗ್ಲೆಂಡಿನ ಟೆಡಿಂಗ್ಟನ್ನಿನಲ್ಲಿ ಎಸೆನ್ ಮತ್ತು ಪ್ಯಾರಿ ಎಂಬವರು ಸೀಸಿಯಂ ಗಡಿಯಾರವನ್ನು ನಡೆಸಿ ತೋರಿಸಿದರು. 1967ರಲ್ಲಿ ಸೀಸಿಯಂ ಪರಮಾಣುವಿನ ವಿಕಿರಣದ 919,26,31,770 ಕಂಪನಗಳ ಅವಧಿಯೇ ಒಂದು ಸೆಕೆಂಡೆಂದು ನಿಶ್ಚಯವಾಯಿತು. ಬೆಳಕಿನ ಕಂಪನಗಳನ್ನೇ ಎಣಿಸುವ ಈಚಿನ ಗಡಿಯಾರಗಳಲ್ಲಿ ಸೆಕೆಂಡಿನ ಗೆರೆಗಳು ಇನ್ನೂ ಸುಮಾರು 70,000 ಪಟ್ಟು ಒತ್ತಾಗಿವೆ.

ನಿಗಡಿಯಿಂದ ಹಳೆಯ ಮುಂಬಯಿ ರಸ್ತೆಯಲ್ಲಿ ಪುಣೆಯತ್ತ ಸಾಗಿದರೆ ಗಣೇಶಖಿಂಡ ಸಿಗುತ್ತದೆ. ಅಲ್ಲಿ 1988ರಲ್ಲಿ ಸ್ಥಾಪಿತವಾದ ಖಗೋಳ ಮತ್ತು ಖಭೌತ ವಿಜ್ಞಾನಗಳ ಅಂತರವಿಶ್ವವಿದ್ಯಾಲಯ ಕೇಂದ್ರದಲ್ಲಿ ಸುಭದೀಪ ದೇ ಅವರ ತಂಡವು ಇಂಥ ಗಡಿಯಾರವೊಂದರ ನಿರ್ಮಾಣವನ್ನು ಕೈಗೊಂಡಿದೆ. ಯಿಟರ್ಬಿಯಂ ಧಾತುವಿನ ಒಂದೇ ಒಂದು ಅಯಾನನ್ನು ವಿದ್ಯುತ್ ಕ್ಷೇತ್ರದ ಬಲೆಯಲ್ಲಿ ಹಿಡಿದು, ಲೇಸರ್ ಬೆಳಕಿನಿಂದ ತಣಿಸಿ ನಿಶ್ಚಲಪ್ರಾಯವಾಗಿಸುವುದು ಇದರ ಕ್ರಮ.

ಯಿಟರ್ಬಿಯಮ್ಮಿನ ಹಿರಿಮೆಯೆಂದರೆ, ಉಕ್ಕು ಹಿತ್ತಾಳೆಗಳಂಥ ಎರಡು ಕೋಲುಗಳು ಅದರ ಒಂದೇ ಅಯಾನಿನಲ್ಲಿ ಅಡಗಿವೆ. 436 ಮತ್ತು 467 ನ್ಯಾನೊಮೀಟರ್ ತರಂಗದ ಬೆಳಕುಗಳೆರಡಕ್ಕೂ ಅದು ಓಗೊಡುತ್ತದೆ. ಪರಮಾಣುಗಳ ರಚನೆಯನ್ನು ನಿಯಂತ್ರಿಸುವ ಸೂಕ್ಷ್ಮರಚನಾ ಸ್ಥಿರಾಂಕದ ಬೆಲೆ ಸುಮಾರು 137ರಲ್ಲಿ ಒಂದು ಭಾಗ. ಇದು ಕಿಂಚಿತ್ತು ಹೆಚ್ಚಿದರೂ ಮೊದಲನೆಯ ಕಂಪನವು ಏರಬೇಕು, ಎರಡನೆಯದು ಇನ್ನೂ ಹೆಚ್ಚಾಗಿ ಇಳಿಯಬೇಕು. ಹಾಗಾಗಿ ಇವೆರಡರ ನಿಷ್ಪತ್ತಿಯನ್ನು ವರ್ಷಗಟ್ಟಲೆ ಅಳೆದರೆ ಸ್ಥಿರಾಂಕವು ನಿಜವಾಗಿಯೂ ಸ್ಥಿರವೇ ಎಂಬುದು ತಿಳಿಯುತ್ತದೆ.

ಒಂದೇ ನೆಲೆಯಲ್ಲಿ ಹೋಲಿಸುವುದರಿಂದ ಇನ್ನೊಂದು ಲಾಭವುಂಟು. ಐನ್‌ಸ್ಟೈನರ ಸಿದ್ಧಾಂತದಂತೆ ಎತ್ತರದಲ್ಲಿರುವ ಗಡಿಯಾರ ಬೇಗ ನಡೆಯುತ್ತದೆ. ಒಂದು ಮೀಟರ್ ಮೇಲಿಟ್ಟರೆ ವರ್ಷಕ್ಕೆ ಸುಮಾರು 3.4 ನ್ಯಾನೊಸೆಕೆಂಡಿನಷ್ಟು ಮುಂದಾಗುತ್ತದೆ. ದೂರದ ಎರಡು ಊರುಗಳ ಇಂಥ ಗಡಿಯಾರಗಳನ್ನು ಹೋಲಿಸುವಾಗ ಅವುಗಳ ಎತ್ತರವನ್ನು ಸೆಂಟಿಮೀಟರಿನಷ್ಟು ನಿಖರವಾಗಿ ಅರಿತಿರಬೇಕು. ಒಂದೇ ನೆಲೆಯ ಕಂಪನಗಳಿಗೆ ಈ ತೊಡಕಿಲ್ಲ.

ಜರ್ಮನಿಯ ಬ್ರೌನ್‌ಷ್ವೈಗಿನ ಅಳತೆಗಳ ಸಂಸ್ಥೆಯು ಈ ಕ್ರಮದಿಂದ ಪಡೆದ ಫಲಿತಾಂಶವನ್ನು 2021ರಲ್ಲಿ ಪ್ರಕಟಿಸಿತು. ಸ್ಥಿರಾಂಕದಲ್ಲಿ ಬದಲಾವಣೆ ಕಂಡುಬರಲಿಲ್ಲ. ಇದ್ದರೂ ಅದು ವರ್ಷಕ್ಕೆ ಹತ್ತು ಸಾವಿರ ಕೋಟಿ ಕೋಟಿಯಲ್ಲಿ ಒಂದೆರಡು ಭಾಗವನ್ನು ಮೀರದೆಂಬುದು ಅದರ ತಾತ್ಪರ್ಯ.

ಏನೂ ಕಾಣದಿದ್ದುದನ್ನು ವ್ಯರ್ಥವೆನ್ನಲಾಗದು. ದೂರದ ನಕ್ಷತ್ರಲೋಕಗಳಿಂದ ಬರುವ ಪುರಾತನ ಬೆಳಕನ್ನು ಅರ್ಥೈಸುವವರು, ಅಂದಿನ ಪರಮಾಣುವೂ ಇಂದಿನದೂ ಒಂದೇ ನಿಯಮಕ್ಕೆ ಒಳಪಟ್ಟಿವೆಯೆಂಬ ನಂಬಿಕೆಯನ್ನೇ ತಳಹದಿಯಾಗಿ ಇಟ್ಟುಕೊಂಡಿದ್ದಾರೆ. ಆ ನಂಬಿಕೆ ಅಲುಗಿದರೆ ವಿಶ್ವದ ಇತಿಹಾಸವನ್ನೇ ತಿದ್ದಬೇಕಾದೀತು. ಆಕಾಶವನ್ನು ನೋಡುವ ಕೇಂದ್ರವೊಂದು ಗಡಿಯಾರವನ್ನು ಕಟ್ಟುವುದರ ಔಚಿತ್ಯ ಇಲ್ಲಿದೆ.