ಬಾಯಲ್ಲಿ ಹೇಳಿದ್ದು ನೋಟೀಸಾಗೊಲ್ಲ

ರಾಗಿ, ಅಲಸಂದೆ ಬೆಳೆಯೋ ನನಗೆ ಹುಣಸೂರಿನಲ್ಲಿ ಎರಡು ಕೋಣೆಯ ಮನೆಯೊಂದಿದೆ. ಮಗನ ಮದುವೆ ಗೊತ್ತಾಗಿ ಅದು ಬೇಕಾಯ್ತು. ಬಾಡಿಗೆಯವರಿಗೆ "ತಿಂಗಳ ಕೊನೆಗೆ ಬಿಟ್ಕೊಡ್ರಪ್ಪ" ಅಂದೆ. "ಆಗ್ಲಿ ಯಜಮಾನ್ರೇ" ಅಂದ್ರು. ಎರಡು ತಿಂಗಳಾದ್ರೂ ಬಿಡಲಿಲ್ಲ. ಸಿಟ್ಟಿನಲ್ಲಿ ಬೀಗ ಜಡಿಯಲು ಹೊರಟೆ. ಪರಿಚಯದ ವಕೀಲರು ತಡೆದ್ರು: "ಹಾಗೆ ಮಾಡಿದ್ರೆ ತಪ್ಪು ನಿಮ್ಮದೇ ಆಗುತ್ತೆ."

ಅವರು ತಿಳಿಸಿದ್ದು ಇಷ್ಟು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ, ತಿಂಗಳ ಬಾಡಿಗೆಯ ಮನೆಗೆ ನೋಟೀಸು ಕೈಸೇರಿದ ಮೇಲೆ 15 ದಿನ ಕೊಡಬೇಕು. ಕರಾರು ಪತ್ರದಲ್ಲಿ ಬೇರೆ ವಾಯಿದೆ ಇದ್ದರೆ ಅದರಂತೆ. ನೋಟೀಸು ಬರಹದಲ್ಲಿರಬೇಕು, ಸಹಿ ಇರಬೇಕು. ಕೈಯಲ್ಲೇ ಕೊಟ್ಟರೆ ನಕಲಿನ ಮೇಲೆ ಅವರ ಸಹಿ ಪಡೆಯಿರಿ. ಅಂಚೆಯಲ್ಲಿ ಕಳಿಸಿದರೆ ರಸೀದಿ ಜೋಪಾನ ಮಾಡಿ. ಆಗಲೂ ಬಿಡದಿದ್ದರೆ ಕೋರ್ಟೇ ದಾರಿ, ಬೀಗ ಅಲ್ಲ.

ಹೊಲದ ಮಾತು ಬೇರೆ. ಸೈನಿಕರಂಥ ಕೆಲವರನ್ನು ಬಿಟ್ಟರೆ, ಸಾಗುವಳಿ ಜಮೀನು ಗೇಣಿಗೆ ಕೊಡುವುದನ್ನೇ 1974ರಲ್ಲಿ ತಿದ್ದಿದ ಭೂಸುಧಾರಣಾ ಕಾಯ್ದೆ ತಡೆದಿದೆ. ಬಾಯಿಮಾತಿನಲ್ಲಿ ವಾರಕ್ಕೆ ಕೊಡುವವರು ಇದನ್ನು ಮರೆಯಬಾರದು.

ನಾನು ಬರೆದು ಕೊಟ್ಟೆ. ಅವರ ಮಕ್ಕಳ ಪರೀಕ್ಷೆ ಇತ್ತು, 15 ದಿನದ ಬದಲು ಒಂದು ತಿಂಗಳು ಕೊಟ್ಟೆ. ಮುಂಗಡದ ಹಣ ಎಣಿಸಿ ಕೈಗಿಟ್ಟೆ. ಜಗಳವಿಲ್ಲದೆ ಹೋದ್ರು, ಮದುವೆ ಊಟಕ್ಕೂ ಬಂದ್ರು.