ಗಾಯನಶಿಕ್ಷಕ ಗಾರ್ಸಿಯಾ ಮತ್ತು ಧ್ವನಿವಿಜ್ಞಾನದ ಮೊದಲ ಪಾಠಗಳು

ಮನುಷ್ಯನ ಧ್ವನಿ ಎಲ್ಲಿ ಹುಟ್ಟುತ್ತದೆಂಬುದು ಯೂರೋಪಿನ ಅಂಗರಚನಾ ಶಾಸ್ತ್ರಜ್ಞರಿಗೆ 18ನೆಯ ಶತಮಾನದ ಹೊತ್ತಿಗೇ ತಿಳಿದಿತ್ತಾದರೂ, ಅದು ಹೇಗೆ ಹುಟ್ಟುತ್ತದೆಂಬುದು ಮುಂದೆ ಬಹುಕಾಲ ವಿವಾದದ ವಿಷಯವಾಗಿಯೇ ಉಳಿಯಿತು. ಶ್ವಾಸನಾಳದ ನೆತ್ತಿಯಲ್ಲಿ, ಮೃದ್ವಸ್ಥಿಗಳಿಂದ ಕಟ್ಟಿದ ಪುಟ್ಟ ಗೂಡೊಂದಿದ್ದು, ಅದಕ್ಕೆ ಧ್ವನಿಪೆಟ್ಟಿಗೆ ಎಂದು ಹೆಸರು. ಅದರೊಳಗೆ ಎಡಬಲಗಳಿಂದ ಚಾಚಿಕೊಂಡಿರುವ ಎರಡು ಮಡಿಕೆಗಳೇ ಧ್ವನಿತಂತುಗಳು. ಅವುಗಳ ನಡುವಿನ ಸೀಳು ಗ್ಲಾಟಿಸ್. ಫ್ರಾನ್ಸಿನ ಆಂತ್ವಾನ್ ಫೆರೇನ್ 1741ರಲ್ಲಿ, ಸತ್ತ ಪ್ರಾಣಿಗಳ ಮತ್ತು ಮನುಷ್ಯರ ಧ್ವನಿಪೆಟ್ಟಿಗೆಗಳಿಗೆ ಗಾಳಿಯೂದಿ ಸ್ವರ ಹೊರಡಿಸಿ, ಈ ಮಡಿಕೆಗಳನ್ನು ಪಿಟೀಲಿನ ತಂತಿಗಳಿಗೂ ಗಾಳಿಯನ್ನು ಕಮಾನಿಗೂ ಹೋಲಿಸಿದರು. ಒಂದು ಶತಮಾನದ ಬಳಿಕ ಜರ್ಮನಿಯ ಯೋಹಾನ್ನೆಸ್ ಮ್ಯೂಲರ್ ಇಂಥದೇ ಪ್ರಯೋಗಗಳನ್ನು ಹೆಚ್ಚು ಕಟ್ಟುನಿಟ್ಟಾಗಿ ನಡೆಸಿದರು. ಆದರೆ ಇವೆಲ್ಲವೂ ಜೀವವಿಲ್ಲದ ಗಂಟಲುಗಳ ಸಾಕ್ಷ್ಯವಾಗಿದ್ದವು. ಹಾಡುತ್ತಿರುವ ಗಂಟಲಿನೊಳಗೆ ಇಣುಕಿ ನೋಡಿ, ಕಂಡದ್ದನ್ನು ಕ್ರಮಬದ್ಧವಾಗಿ ಬರೆದಿಟ್ಟವರು ವೈದ್ಯರಲ್ಲ, ಸಂಗೀತದ ಪ್ರಾಧ್ಯಾಪಕರಾಗಿದ್ದ ಮಾನ್ವೆಲ್ ಗಾರ್ಸಿಯಾ.

ಸ್ಪೇನ್ ಮೂಲದ ಗಾರ್ಸಿಯಾ 1805ರ ಮಾರ್ಚ್ 17ರಂದು ಜನಿಸಿದ್ದು ಗಾಯಕರ ಮನೆತನದಲ್ಲಿ. ಅದೇ ಹೆಸರಿನ ತಂದೆ, ರೊಸ್ಸೀನಿಯ ‘ಬಾರ್ಬರ್ ಆಫ್ ಸೆವಿಲ್’ ಆಪೆರಾ 1816ರಲ್ಲಿ ರೋಮ್‌ನಲ್ಲಿ ಮೊದಲ ಬಾರಿಗೆ ರಂಗಕ್ಕೆ ಬಂದಾಗ ಅದರ ನಾಯಕಪಾತ್ರ ವಹಿಸಿದ್ದವರು. ತಂಗಿಯರಾದ ಮರಿಯಾ ಮಾಲಿಬ್ರಾನ್ ಮತ್ತು ಪೌಲೀನ್ ವಿಯಾರ್ದೋ ಇಬ್ಬರೂ ಆ ಶತಮಾನದ ಅಗ್ರಗಣ್ಯ ಗಾಯಕಿಯರು. 1825ರಲ್ಲಿ ಈ ಕುಟುಂಬ ನ್ಯೂಯಾರ್ಕ್‌ಗೆ ಹೋಗಿ ಅದೇ ಆಪೆರಾವನ್ನು ಆಡಿದಾಗ, 20 ವರ್ಷದ ಗಾರ್ಸಿಯಾ ಫಿಗರೋ ಪಾತ್ರದಲ್ಲಿ ಹಾಡಿದರು. ಆದರೆ ಬಲಿಯುವ ಮುನ್ನವೇ ರಂಗದ ಹೊರೆ ಹೊತ್ತ ಅವರ ಶಾರೀರ ಬೇಗನೆ ಬಳಲಿತು, ಕೆಲವೇ ವರ್ಷಗಳಲ್ಲಿ ಅವರು ರಂಗವನ್ನು ಬಿಡಬೇಕಾಯಿತು. 1830ರ ಆಲ್ಜೀರಿಯಾ ದಂಡಯಾತ್ರೆಯಲ್ಲಿ ಫ್ರೆಂಚ್ ಸೇನೆಯೊಡನೆ ಹೋಗಿ ಬಂದ ಅವರು, ಬಳಿಕ ಸೈನಿಕ ಆಸ್ಪತ್ರೆಗಳಲ್ಲಿ ಇದ್ದುಕೊಂಡು ಅಂಗರಚನೆಯನ್ನು ಅಭ್ಯಾಸ ಮಾಡಿದರು. ಕೆಟ್ಟ ಕಂಠವೇ ಕಂಠದ ಬಗೆಗಿನ ಕುತೂಹಲಕ್ಕೆ ಮೂಲವಾಯಿತೆಂದು ಊಹಿಸುವುದು ಅಸಂಗತವಾಗಲಾರದು.

ಈ ವ್ಯಾಸಂಗದ ಫಲವಾಗಿ ಅವರು 1840ರಲ್ಲಿ ಮಾನವ ಧ್ವನಿಯನ್ನು ಕುರಿತ ಪ್ರಬಂಧವೊಂದನ್ನು ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿಗೆ ಸಲ್ಲಿಸಿದರು. ಸಂಗೀತಗಾರನೊಬ್ಬನ ಬರಹವನ್ನು ಮಜಾಂದೀ, ದ್ಯುತ್ರೋಶೆಯಂಥ ಶರೀರಕ್ರಿಯಾ ತಜ್ಞರಿದ್ದ ಸಮಿತಿಯೊಂದು ಪರಿಶೀಲಿಸಿತೆಂಬುದೇ ಆ ಕಾಲಕ್ಕೆ ಗಮನಾರ್ಹ ಸಂಗತಿ. ಅದರಲ್ಲಿ ಗಾರ್ಸಿಯಾ, ಗಾಯಕರು ಸಡಿಲವಾಗಿ ಬಳಸುತ್ತಿದ್ದ ‘ರಿಜಿಸ್ಟರ್’ ಎಂಬ ಪದಕ್ಕೆ ಖಚಿತವಾದ ಅರ್ಥ ಕಟ್ಟಿಕೊಟ್ಟರು. ಕೆಳಗಿನಿಂದ ಮೇಲಕ್ಕೆ ಏರುವ, ಒಂದೇ ಬಗೆಯ ಗುಣವುಳ್ಳ, ಒಂದೇ ಯಾಂತ್ರಿಕ ತತ್ತ್ವದಿಂದ ಹುಟ್ಟುವ ಸ್ವರಗಳ ಸಾಲು ಒಂದು ರಿಜಿಸ್ಟರ್. ತತ್ತ್ವ ಬದಲಾದಾಗ ರಿಜಿಸ್ಟರೂ ಬದಲಾಗುತ್ತದೆ. ಎದೆಯ ಧ್ವನಿ, ತಲೆಯ ಧ್ವನಿ ಎಂದು ಗಾಯಕರು ಅನುಭವದಿಂದ ಹೇಳುತ್ತಿದ್ದುದು ಎದೆಯಲ್ಲೋ ತಲೆಯಲ್ಲೋ ಹುಟ್ಟುವ ನಾದವಲ್ಲ, ಧ್ವನಿಪೆಟ್ಟಿಗೆಯೊಳಗಿನ ಬೇರೆ ಬೇರೆ ಹೊಂದಿಕೆಗಳ ಫಲ ಎಂಬುದು ಇಲ್ಲಿಂದ ಹೊರಡುವ ನಿಲುವು. ಇದರ ಜೊತೆಗೆ, ಧ್ವನಿಪೆಟ್ಟಿಗೆ ಕೆಳಗಿಳಿದಾಗ ಅದೇ ಸ್ವರ ಗಾಢವಾಗಿಯೂ ಮೇಲೇರಿದಾಗ ತೆಳುವಾಗಿಯೂ ಕೇಳುವುದನ್ನು ಅವರು ರಿಜಿಸ್ಟರಿನಿಂದ ಬೇರೆಯಾದ ಸಂಗತಿಯೆಂದು ವಿಂಗಡಿಸಿದರು. ಧ್ವನಿಯ ಮೂಲವೇ ಬೇರೆ, ಅದಕ್ಕೆ ಬಣ್ಣ ಕೊಡುವ ಗಂಟಲು ಮತ್ತು ಬಾಯಿಯ ಕೊಳವೆಯೇ ಬೇರೆ ಎಂದು 20ನೆಯ ಶತಮಾನದ ಧ್ವನಿವಿಜ್ಞಾನ ಗಣಿತದ ಮೂಲಕ ಪ್ರತಿಪಾದಿಸಿದ ವಿಭಜನೆಯ ಎಳೆ ಇಲ್ಲಿಯೇ ಕಾಣಿಸುತ್ತದೆ.

1848ರಲ್ಲಿ ಲಂಡನ್ನಿಗೆ ತೆರಳಿದ ಗಾರ್ಸಿಯಾ, ಅಲ್ಲಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ 1895ರವರೆಗೆ ಪ್ರಾಧ್ಯಾಪಕರಾಗಿದ್ದರು. ಮಥಿಲ್ಡೆ ಮಾರ್ಕೇಸಿ, ಯೂಲಿಯುಸ್ ಸ್ಟಾಕ್‌ಹೌಸೆನ್ ಮೊದಲಾದವರು ಅವರ ಶಿಷ್ಯರು. ಸ್ವೀಡನ್ನಿನ ಯೆನ್ನಿ ಲಿಂಡ್, ಅತಿಯಾದ ಕಛೇರಿಗಳಿಂದ ದಣಿದ ಕಂಠದೊಡನೆ 1841ರಲ್ಲಿ ಪ್ಯಾರಿಸ್‌ನಲ್ಲಿ ಅವರ ಬಳಿಗೆ ಬಂದಾಗ, ಪಾಠಕ್ಕೆ ಮುನ್ನ ಅವರು ವಿಧಿಸಿದ್ದು ಕೆಲವು ವಾರಗಳ ಮೌನ. ಇಂದಿನ ಧ್ವನಿಚಿಕಿತ್ಸಕರೂ ಕಂಠದ ವಿಶ್ರಾಂತಿಯನ್ನು ಚಿಕಿತ್ಸೆಯ ಭಾಗವಾಗಿಯೇ ಪರಿಗಣಿಸುತ್ತಾರೆ.

ಗಾರ್ಸಿಯಾ ಅವರಿಗೆ ಹೆಸರು ತಂದ ಕನ್ನಡಿಯ ಪ್ರಸಂಗ 1854ರ ಸೆಪ್ಟೆಂಬರಿನದು. ರಜೆಯಲ್ಲಿ ಪ್ಯಾರಿಸ್‌ಗೆ ಬಂದಿದ್ದ ಅವರಿಗೆ, ಎರಡು ಕನ್ನಡಿಗಳನ್ನು ಸೂಕ್ತ ಕೋನದಲ್ಲಿ ಹಿಡಿದರೆ ಸ್ವಂತ ಗಂಟಲಿನ ಆಳವನ್ನು ನೋಡಬಹುದೆಂಬ ಉಪಾಯ ಹೊಳೆದು, ಷಾರಿಯೇರ್ ಎಂಬ ಉಪಕರಣ ತಯಾರಕರ ಅಂಗಡಿಯಲ್ಲಿ, ಹಲ್ಲಿನ ವೈದ್ಯರಿಗೆಂದು ಮಾಡಿದ್ದ ಉದ್ದ ಹಿಡಿಯ ಸಣ್ಣ ಕನ್ನಡಿಯೊಂದನ್ನು ಕೊಂಡರು. ಉಸಿರಿನ ತೇವ ಮುಸುಕದಂತೆ ಅದನ್ನು ಬಿಸಿನೀರಿನಲ್ಲಿ ಬೆಚ್ಚಗಾಗಿಸಿ ಕಿರುನಾಲಿಗೆಗೆ ಒತ್ತಿ ಹಿಡಿದು, ಇನ್ನೊಂದು ಕೈಗನ್ನಡಿಯಿಂದ ಸೂರ್ಯನ ಬೆಳಕನ್ನು ಅದರ ಮೇಲೆ ತಿರುಗಿಸಿದಾಗ ಗ್ಲಾಟಿಸ್ ತೆರೆದು ಮುಚ್ಚುವುದು ಅವರ ಕಣ್ಣಿಗೇ ಬಿದ್ದಿತು. ಲಂಡನ್ನಿನ ಬೆಂಜಮಿನ್ ಬ್ಯಾಬಿಂಗ್ಟನ್ 1829ರಲ್ಲೇ ಇಂಥದೊಂದು ಉಪಕರಣ ತೋರಿಸಿದ್ದುಂಟು. ಆದ್ದರಿಂದ ಉಪಕರಣದ ಮೊದಲಿಗರು ಯಾರೆಂಬ ಚರ್ಚೆಯಲ್ಲಿ ಗಾರ್ಸಿಯಾ ಅವರ ಪಕ್ಷ ವಹಿಸಿ ಹಟ ಹಿಡಿಯಬೇಕಾದ ಅಗತ್ಯವಿಲ್ಲ.

ಅವರ ನಿಜವಾದ ಕೊಡುಗೆ ಇರುವುದು ಕಂಡದ್ದನ್ನು ಅರ್ಥೈಸಿದ ರೀತಿಯಲ್ಲಿ. 1855ರ ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಓದಲಾದ ಅವರ ಪ್ರಬಂಧದ ಪ್ರಕಾರ, ಧ್ವನಿ ಹುಟ್ಟುವುದು ತಂತಿಯಂತೆ ಮಿಡಿಯುವ ತಂತುಗಳಿಂದಲ್ಲ. ಗ್ಲಾಟಿಸ್ ಕ್ರಮವಾಗಿ ಮುಚ್ಚಿ ತೆರೆಯುತ್ತ, ಶ್ವಾಸಕೋಶದಿಂದ ಬರುವ ಗಾಳಿಯನ್ನು ತುಂಡು ತುಂಡಾಗಿ ಹೊರಬಿಡುವುದರಿಂದ. 1819ರಲ್ಲಿ ಫ್ರಾನ್ಸಿನ ಕನ್ಯಾರ್ ದ ಲಾ ತೂರ್ ರೂಪಿಸಿದ್ದ ಸೈರನ್ ಇದೇ ತತ್ತ್ವದ ಮೇಲೆ ಕೆಲಸ ಮಾಡುತ್ತಿತ್ತು: ರಂಧ್ರಗಳುಳ್ಳ ತಟ್ಟೆ ತಿರುಗುತ್ತ ಗಾಳಿಯ ಹರಿವನ್ನು ಕತ್ತರಿಸಿದಾಗ, ಸೆಕೆಂಡಿಗೆ ಎಷ್ಟು ತುಂಡುಗಳು ಹೊರಬೀಳುತ್ತವೆಯೋ ಅದಕ್ಕೆ ತಕ್ಕ ಶ್ರುತಿ ಕೇಳುತ್ತಿತ್ತು. ಅದರಂತೆ, 440 ಹರ್ಟ್ಸ್‌ನ ಸ್ವರ ಹಾಡುವವರ ಗ್ಲಾಟಿಸ್ ಸೆಕೆಂಡಿಗೆ 440 ಬಾರಿ ಮುಚ್ಚಿ ತೆರೆಯುತ್ತದೆ. ಎದೆಯ ಧ್ವನಿಯಲ್ಲಿ ಮಡಿಕೆಗಳು ತಮ್ಮ ದಪ್ಪದುದ್ದಕ್ಕೂ ಆಳವಾಗಿ ಒಂದನ್ನೊಂದು ಮುಟ್ಟುತ್ತವೆ, ಫಾಲ್ಸೆಟ್ಟೊ ಎಂಬ ತೆಳುವಾದ ತಾರದ ಧ್ವನಿಯಲ್ಲಿ ಅಂಚುಗಳಷ್ಟೇ ಸಮೀಪಿಸುತ್ತವೆ ಎಂದೂ ಅವರು ಗುರುತಿಸಿದರು. ಇಷ್ಟು ವೇಗದ ಚಲನೆ ಬರಿಗಣ್ಣಿಗೆ ಮಸುಕಾದ ಅಂಚಾಗಿ ಮಾತ್ರ ಕಾಣುವುದರಿಂದ ಇವುಗಳಲ್ಲಿ ಅರ್ಧ ದರ್ಶನ, ಅರ್ಧ ಅನುಮಾನ. ಆ ಅನುಮಾನ ಬಹುಮಟ್ಟಿಗೆ ಸರಿಯಾಗಿತ್ತೆಂಬುದೇ ಸೋಜಿಗ.

ವೈದ್ಯಲೋಕ ಕನ್ನಡಿಯನ್ನು ಎತ್ತಿಕೊಂಡು ಸಿದ್ಧಾಂತವನ್ನು ಬದಿಗಿಟ್ಟಿತು. ವಿಯೆನ್ನಾದ ಲುಡ್ವಿಗ್ ಟ್ಯುರ್ಕ್ 1857ರಲ್ಲಿ ಕನ್ನಡಿಯನ್ನು ರೋಗಿಗಳ ಮೇಲೆ ಬಳಸತೊಡಗಿದರಾದರೂ ಚಳಿಗಾಲದಲ್ಲಿ ಬಿಸಿಲಿಲ್ಲದೆ ಕೆಲಸ ನಿಲ್ಲಿಸಿದರು. ಯೋಹಾನ್ ಚೆರ್ಮಾಕ್ ಎಂಬವರು ಟ್ಯುರ್ಕ್ ಅವರಿಂದಲೇ ಕನ್ನಡಿಗಳನ್ನು ಎರವಲು ಪಡೆದು, ದೀಪದ ಬೆಳಕನ್ನು ಹೊಂದಿಸಿ, ಪರೀಕ್ಷೆಯನ್ನು ಎಲ್ಲ ಕಾಲಕ್ಕೂ ಸಾಧ್ಯವಾಗಿಸಿದರು. ಶ್ರೇಯಸ್ಸಿಗಾಗಿ ಇವರಿಬ್ಬರ ನಡುವೆ ನಡೆದ ಕಹಿ ಜಗಳದಲ್ಲಿ ಗಾರ್ಸಿಯಾ ಪಾಲ್ಗೊಂಡವರಲ್ಲ. ಧ್ವನಿಪೆಟ್ಟಿಗೆಯ ಗಂಟು, ಹುಣ್ಣು, ಕ್ಯಾನ್ಸರ್‌ಗಳನ್ನು ಜೀವಂತ ರೋಗಿಯಲ್ಲಿ ಗುರುತಿಸುವ ಹೊಸ ವೈದ್ಯಶಾಖೆ ಹೀಗೆ ಬೆಳೆಯಿತು. ಕ್ಯೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯ 1862ರಲ್ಲಿ ಗಾಯನಶಿಕ್ಷಕರಿಗೆ ಗೌರವ ವೈದ್ಯಪದವಿ ನೀಡಿತು.

ಸಂಗೀತಲೋಕದಲ್ಲಿ ಅವರ ಕೀರ್ತಿ ಇಷ್ಟು ನಿಷ್ಕಂಟಕವಾಗಿರಲಿಲ್ಲ. ಸ್ವರವನ್ನು ಆರಂಭಿಸುವಾಗ ಗ್ಲಾಟಿಸ್ ಮೊದಲು ಮುಚ್ಚಿಕೊಂಡು ಆಮೇಲೆ ಗಾಳಿ ಹೊರಟರೆ ಸ್ವರ ಶುದ್ಧವಾಗಿ ಹುಟ್ಟುತ್ತದೆಂದು ಅವರು ಬೋಧಿಸಿದ್ದನ್ನು, ಗಂಟಲಿನಿಂದ ಗುದ್ದಿ ಹಾಡಬೇಕೆಂದು ಹಲವರು ತಿಳಿದುಕೊಂಡರು. ಹೀಗೆ ಹಾಡುವುದು ಧ್ವನಿತಂತುಗಳಿಗೆ ಹಾನಿಕರವಾದ್ದರಿಂದ ವಿಧಾನದ ಮೇಲೆ ದಶಕಗಳ ಕಾಲ ಟೀಕೆ ನಡೆಯಿತು. ಅದಕ್ಕೆ ಗಾರ್ಸಿಯಾ ಬಳಸಿದ ‘ಗ್ಲಾಟಿಸ್‌ನ ಹೊಡೆತ’ ಎಂಬ ಹೆಸರೂ ಸ್ವಲ್ಪ ಕಾರಣವೆನ್ನಬೇಕು.

ಸಿದ್ಧಾಂತ ಮಾತ್ರ ನಿಧಾನವಾಗಿ ಪುಷ್ಟಿ ಪಡೆಯಿತು. 1878ರಲ್ಲಿ ಮ್ಯೂನಿಕ್‌ನ ಮ್ಯಾಕ್ಸ್ ಓರ್ಟೆಲ್, ಬೆಳಕನ್ನು ಕ್ಷಣಕ್ಷಣಕ್ಕೂ ತಡೆದು ಬಿಡುತ್ತ ವೇಗದ ಚಲನೆಯನ್ನು ನಿಧಾನವಾಗಿ ತೋರಿಸುವ ಸ್ಟ್ರೋಬೋಸ್ಕೋಪ್ ತತ್ತ್ವವನ್ನು ಕಂಠಕ್ಕೆ ಅನ್ವಯಿಸಿದರು. 20ನೆಯ ಶತಮಾನದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ಸೆಕೆಂಡಿಗೆ ಸುಮಾರು 4000 ಚಿತ್ರಗಳ ವೇಗದಲ್ಲಿ ಈ ಕಂಪನವನ್ನು ಚಿತ್ರೀಕರಿಸಿತು. ಆದರೂ 1950ರಲ್ಲಿ ಪ್ಯಾರಿಸ್‌ನ ರಾವೂಲ್ ಯುಸ್ಸೋನ್, ಪ್ರತಿಯೊಂದು ಕಂಪನಕ್ಕೂ ಮಿದುಳಿನಿಂದ ಒಂದೊಂದು ನರಸಂಕೇತ ಬರುತ್ತದೆ, ಗಾಳಿಗೆ ಅಲ್ಲಿ ಮುಖ್ಯ ಪಾತ್ರವಿಲ್ಲ ಎಂದು ವಾದಿಸಿದಾಗ ಹಳೆಯ ವಿವಾದ ಮತ್ತೆ ತಲೆಯೆತ್ತಿತು. ನೆದರ್ಲ್ಯಾಂಡ್ಸ್‌ನ ಖ್ರೋನಿಂಗನ್‌ನ ಯಾನ್‌ವಿಲ್ಲೆಮ್ ವಾನ್ ಡೆನ್ ಬೆರ್ಗ್ 1958ರಲ್ಲಿ ಇದಕ್ಕೆ ಉತ್ತರವಿತ್ತರು: ನರಗಳ ಸಂಪರ್ಕವೇ ಇಲ್ಲದ, ಶವದಿಂದ ಬೇರ್ಪಡಿಸಿದ ಧ್ವನಿಪೆಟ್ಟಿಗೆಯೂ ಗಾಳಿಯೂದಿದರೆ ಕಂಪಿಸುತ್ತದೆ, ಮಡಿಕೆಗಳ ಬಿಗಿ ಮತ್ತು ಸ್ಥಾನವನ್ನು ಸ್ನಾಯುಗಳು ನಿರ್ಧರಿಸುತ್ತವೆ, ಕಂಪನವನ್ನು ನಡೆಸುವುದು ಗಾಳಿಯ ಒತ್ತಡ ಮತ್ತು ಅಂಗಾಂಶದ ಸ್ಥಿತಿಸ್ಥಾಪಕತೆ.

1905ರ ಮಾರ್ಚ್ 17ರಂದು ಗಾರ್ಸಿಯಾ ನೂರು ತುಂಬಿದಾಗ ಲಂಡನ್ನಿನಲ್ಲಿ ದೊಡ್ಡ ಸಮಾರಂಭ ನಡೆದು, ಅವರನ್ನು ದೊರೆ ಏಳನೆಯ ಎಡ್ವರ್ಡ್ ಗೌರವಿಸಿದರು, ಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್ ಬರೆದ ಅವರ ಭಾವಚಿತ್ರವನ್ನು ಅರ್ಪಿಸಲಾಯಿತು. ಮರುವರ್ಷ ಜುಲೈ 1ರಂದು ಅವರು ನಿಧನರಾದರು. ಅವರ ರಿಜಿಸ್ಟರ್ ವ್ಯಾಖ್ಯಾನದ ಸುತ್ತಲಿನ ಚರ್ಚೆ ಮಾತ್ರ ಇನ್ನೂ ನಿಂತಿಲ್ಲ. 2009ರಲ್ಲಿ ಫ್ರಾನ್ಸಿನ ಬರ್ನಾರ್ ರುಬೋ, ನತಾಲಿ ಆನ್ರಿಶ್ ಮತ್ತು ಮಿಶೆಲ್ ಕಾಸ್ತೆಲಾಂಗೊ, ಎದೆ ತಲೆಗಳ ಹೆಸರುಗಳನ್ನು ಕೈಬಿಟ್ಟು, ಧ್ವನಿಪೆಟ್ಟಿಗೆಯ ಕಂಪನವಿಧಾನಗಳನ್ನು ಸೊನ್ನೆಯಿಂದ ಮೂರರವರೆಗಿನ ಅಂಕಿಗಳಿಂದಷ್ಟೇ ಗುರುತಿಸಬೇಕೆಂದು ಸೂಚಿಸಿದರು. ಕುತ್ತಿಗೆಯ ಮೇಲಿಟ್ಟ ವಿದ್ಯುದ್ವಾರಗಳಿಂದ ಮಡಿಕೆಗಳ ಸ್ಪರ್ಶವನ್ನು ಅಳೆದು ಅವರು ಮಾಡಿದ ವಿಂಗಡಣೆಗೂ ಆಧಾರ, ಒಂದು ಸಾಲಿನ ಸ್ವರಗಳಿಗೆ ಒಂದೇ ಯಾಂತ್ರಿಕ ತತ್ತ್ವವೆಂಬ 1840ರ ನಿಯಮವೇ.