ಹಿಂದಿರುಗಿದ ಮಗ

ಪಶ್ಚಾತ್ ಎಂದರೆ ಆಮೇಲೆ, ತಾಪವೆಂದರೆ ಬೇಗುದಿ. ಮಾಡಿದ ಮೇಲೆ ಬೇಯುವುದೇ ಪಶ್ಚಾತ್ತಾಪವೆಂದು ನಾವು ಬಹುಕಾಲ ಹುಡುಗರಿಗೆ ಪದಚ್ಛೇದ ಮಾಡಿ ಹೇಳಿದೆವು. ಕ್ರೈಸ್ತರ ಗ್ರಂಥವನ್ನು ಓದಿದಾಗ ಇಷ್ಟು ಅರ್ಥವು ಸಾಲದೆಂದು ತೋರಿತು. ಅಲ್ಲಿಯ ಗ್ರೀಕ್ ಶಬ್ದವಾದ 'ಮೆಟನೋಯ' ಎಂಬುದಕ್ಕೆ ಮನಸ್ಸು ಮಾರ್ಪಡುವುದೆಂದೂ, ಹೀಬ್ರೂ ಪ್ರವಾದಿಗಳ 'ಶೂಬ್' ಎಂಬ ಧಾತುವಿಗೆ ಹಿಂದಿರುಗುವುದೆಂದೂ ಅರ್ಥ. ಬೇಯುವುದು ಬೇರೆ, ಹಿಂದಿರುಗುವುದು ಬೇರೆ.

ತಾಪವು ಯೂದನಿಗೂ ಉಂಟಾಯಿತು. ಗುರುವನ್ನು ಹಿಡಿದುಕೊಟ್ಟು ಪಡೆದ 30 ಬೆಳ್ಳಿಯ ನಾಣ್ಯಗಳನ್ನು ದೇವಾಲಯದಲ್ಲಿ ಬಿಸುಟು, ಹೋಗಿ ಉರುಲು ಹಾಕಿಕೊಂಡನು. ಗುರುವನ್ನು ಅರಿಯೆನೆಂದು ಮೂರು ಬಾರಿ ನುಡಿದ ಪೇತ್ರನೂ ಬಹಳವಾಗಿ ಅತ್ತನು. ಆದರೆ ಜೊತೆಗಾರರ ಬಳಿಗೆ ಮರಳಿದನು.

ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿಯು ಹೇಳಿದ ಕಥೆಯು ಸುಪ್ರಸಿದ್ಧವಾದುದು. ಕಿರಿಯ ಮಗನು ತಂದೆಯು ಬದುಕಿರುವಾಗಲೇ ಪಾಲನ್ನು ಪಡೆದು, ದೂರದೇಶದಲ್ಲಿ ಹಾಳುಮಾಡಿ, ಕ್ಷಾಮ ಬಂದಾಗ ಹಂದಿಗಳನ್ನು ಮೇಯಿಸುವನು. ಹಂದಿಯನ್ನು ಅಶುಚಿಯೆಂದೆಣಿಸುವ ಯೆಹೂದ್ಯನಿಗೆ ಇದಕ್ಕಿಂತ ಹೀನಸ್ಥಿತಿ ಯಾವುದು? ಅಲ್ಲಿ ಅವನಿಗೆ ಬುದ್ಧಿ ಬಂದು, ತಂದೆಯ ಮುಂದೆ ಆಡತಕ್ಕ ಮಾತನ್ನು ಮೊದಲೇ ಸಿದ್ಧಮಾಡಿಕೊಳ್ಳುವನು: ತಪ್ಪನ್ನು ಒಪ್ಪುವುದು, ಮಗನೆನಿಸಿಕೊಳ್ಳುವ ಯೋಗ್ಯತೆ ಹೋಯಿತೆನ್ನುವುದು, ಕಡೆಗೆ ಕೂಲಿಯಾಳಿನ ಕೆಲಸವನ್ನು ಬೇಡುವುದು. ವಾಚಕರು ಇಲ್ಲಿ ಸೂಕ್ಷ್ಮವಾಗಿ ನೋಡಬೇಕು. ಮಗನಿನ್ನೂ ದೂರದಲ್ಲಿರುವಾಗಲೇ ತಂದೆಯು ಕಂಡು, ಕನಿಕರಿಸಿ, ಓಡಿಬಂದು ತಬ್ಬಿಕೊಳ್ಳುವನು. ಮನೆಯ ಹಿರಿಯನು ಎಲ್ಲರೆದುರು ಹೀಗೆ ಓಡಬಹುದೆ! ಮಗನು ಮೊದಲಿನ ಎರಡು ಮಾತುಗಳನ್ನು ಆಡುವನು. ಮೂರನೆಯದು ಬಾಯಿಂದ ಹೊರಡುವುದೇ ಇಲ್ಲ. ಅಷ್ಟರಲ್ಲಿ ತಂದೆಯು ಉತ್ತಮವಾದ ಉಡುಪನ್ನೂ ಉಂಗುರವನ್ನೂ ಪಾದರಕ್ಷೆಗಳನ್ನೂ ತರಹೇಳಿರುವನು.

ಕ್ಷಮೆಯು ಇಷ್ಟು ಸುಲಭವಾದರೆ ಪಾಪಕ್ಕೆ ಅಂಜುವವರಾರು, 'ಮಾಡಿದ್ದುಣ್ಣೋ ಮಹಾರಾಯ' ಎಂಬ ಗಾದೆಯ ಗತಿಯೇನು ಎಂದು ಕೇಳುವವರುಂಟು, ನಾವೂ ಕೇಳಿದವರೇ. ಇದೇ ಲೂಕನು ಯೆರಿಕೋವಿನ ಸುಂಕದ ಅಧಿಕಾರಿಯಾದ ಜಕ್ಕಾಯನ ವೃತ್ತಾಂತವನ್ನೂ ಬರೆದಿರುವನು. ಆಸ್ತಿಯಲ್ಲಿ ಅರ್ಧವನ್ನು ಬಡವರಿಗೂ, ವಂಚಿಸಿ ತೆಗೆದುಕೊಂಡುದಕ್ಕೆ ನಾಲ್ಕರಷ್ಟನ್ನು ಕಳೆದುಕೊಂಡವರಿಗೂ ಕೊಡುವೆನೆಂದು ಅವನು ಎದ್ದು ನಿಂತು ನುಡಿದನು. ಆದರೆ ಕ್ರಮವನ್ನು ಗಮನಿಸಬೇಕು. ಯೇಸುಸ್ವಾಮಿಯು ಮೊದಲು ತಾನಾಗಿಯೇ ಅವನ ಮನೆಗೆ ಅತಿಥಿಯಾದನು. ಕೊಡುವ ಮಾತು ಆಮೇಲೆ.

ನಾವು ಉಪಾಧ್ಯಾಯರಾಗಿದ್ದಾಗ ಒಬ್ಬ ಹುಡುಗನು ತಾನು ಕದ್ದ ಪುಸ್ತಕವನ್ನು ತಾನೇ ತಂದು ಮೇಜಿನ ಮೇಲಿಟ್ಟು ತಲೆತಗ್ಗಿಸಿ ನಿಂತನು. ನಾವು ಅವನ ಮಾತನ್ನು ಪೂರ್ತಿಯಾಗಿ ಆಡಿಸಿ, ಮೇಲೆ ಆರು ಏಟುಗಳನ್ನು ಕೊಟ್ಟೆವು. ನ್ಯಾಯವೆಂದೇ ಆಗ ತಿಳಿದಿದ್ದೆವು. ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ.

ಆ ಕಥೆಯ ಹಿರಿಯ ಮಗನ ಭಾಗವನ್ನು ಓದುವಾಗಲೆಲ್ಲ ನಮಗೆ ಈ ಹುಡುಗನ ನೆನಪಾಗುವುದು. ಇಷ್ಟು ವರ್ಷ ದುಡಿದರೂ ತನಗೆ ಒಂದು ಆಡಿನ ಮರಿಯೂ ದೊರೆಯಲಿಲ್ಲವೆಂದು ಮುನಿದು ಹಿರಿಯನು ಬಾಗಿಲಾಚೆ ನಿಂತನು. ಅವನನ್ನು ಕರೆಯಲಿಕ್ಕೂ ತಂದೆಯೇ ಹೊರಗೆ ಬಂದನು. ಅವನು ಒಳಗೆ ಹೋದನೋ ಇಲ್ಲವೋ, ಲೂಕನು ಬರೆದಿಲ್ಲ.